ಎಡಗಾಲಿನ ಮೇಲಣ ಆರೋಪ

ಮೋಟಾರು ವಾಹನದ ಅಂಗೋಪಾಂಗಗಳಿಗೆ ಒದಗುವ ವ್ಯಾಧಿಗಳಲ್ಲಿ ಬಹುಪಾಲು ದೈವಾಧೀನವಾದುವು. ಚಕ್ರಕ್ಕೆ ಮೊಳೆ ಹೊಕ್ಕರೆ ಅದು ಮೊಳೆಯ ದೋಷ. ಬ್ಯಾಟರಿ ಚೈತನ್ಯವನ್ನು ಕಳೆದುಕೊಂಡರೆ ಅದಕ್ಕೆ ಆಯುಸ್ಸು ತೀರಿತೆಂದು ಸಮಾಧಾನ ತಂದುಕೊಳ್ಳಬಹುದು. ರೇಡಿಯೇಟರು ಕುದಿದು ಹಬೆಯೆಬ್ಬಿಸಿದರೆ ಆ ಅಪರಾಧವನ್ನು ಹೊರಲು ನಮ್ಮ ಸೀಮೆಯ ವೈಶಾಖದ ಸೂರ್ಯನು ಸದಾ ಸಿದ್ಧನಾಗಿರುತ್ತಾನೆ. ಆದರೆ ಕ್ಲಚ್ಚಿನಲ್ಲಿ ಏನೋ ಕೆಟ್ಟಿರಬಹುದೆಂಬ ಮಾತು ಒಮ್ಮೆ ಬಾಯಿಂದ ಹೊರಬಿದ್ದಿತೋ, ಏನು ಕೆಟ್ಟಿದೆಯೆಂಬ ಪ್ರಶ್ನೆಗಿಂತ ಮೊದಲೇ ಯಾರು ಕೆಡಿಸಿದರೆಂಬ ಪ್ರಶ್ನೆ ತಲೆಯೆತ್ತಿ ನಿಲ್ಲುತ್ತದೆ. ಅಲ್ಲಿಂದ ಮುಂದೆ ನಡೆಯುವುದು ಯಂತ್ರದ ಪರೀಕ್ಷೆಯಲ್ಲ, ಮನುಷ್ಯರ ಚಾರಿತ್ರ್ಯದ ವಿಚಾರಣೆ. ಕಾರು ತಯಾರಿಸುವವರು ಕ್ಲಚ್ ಪ್ಲೇಟನ್ನು ಸವೆಯತಕ್ಕ ವಸ್ತುಗಳ ಸಾಲಿಗೆ ಸೇರಿಸಿ ವಾರಂಟಿಯ ಹೊಣೆಯಿಂದ ಸಾಮಾನ್ಯವಾಗಿ ಜಾರಿಕೊಳ್ಳುತ್ತಾರೆ. ವಿಮೆಯವರು ಸವಕಳಿಗೆ ತಾವು ಬಾಧ್ಯರಲ್ಲವೆನ್ನುತ್ತಾರೆ. ಹೀಗೆ ದೊಡ್ಡವರೆಲ್ಲರೂ ಕೈಬಿಟ್ಟ ಮೇಲೆ ಕಟಕಟೆಯಲ್ಲಿ ಉಳಿಯುವುದು ವಾಹನವನ್ನು ನಡೆಸಿದವನ ಎಡಗಾಲೊಂದೇ.

ಕೆಟ್ಟುಹೋಯಿತೆಂದು ನಿಶ್ಚಯವಾದ ಕ್ಲಚ್ಚಿನಿಂದ ಮನಸ್ಸಿಗೆ ಅಷ್ಟೇನೂ ಕ್ಲೇಶವಿಲ್ಲ. ಗಾಡಿ ನಿಂತಲ್ಲಿಯೇ ನಿಲ್ಲುತ್ತದೆ, ಹಗ್ಗ ಕಟ್ಟಿ ಎಳೆಸಬೇಕು, ಹಣ ತೆರಬೇಕು, ಅಲ್ಲಿಗೆ ಮುಗಿಯಿತು. ಕೆಟ್ಟಿದ್ದರೂ ಕೆಟ್ಟಿರಬಹುದು, ಇಲ್ಲದಿದ್ದರೂ ಇಲ್ಲ ಎಂಬ ಸ್ಥಿತಿಯಲ್ಲಿರುವ ಕ್ಲಚ್ಚಿನ ಪಾಡು ಬೇರೆ. ಅದು ಇಂದು ಜಾರಿ ನಾಳೆ ಹಿಡಿಯುತ್ತದೆ. ಬೆಳಗಿನ ತಂಪಿನಲ್ಲಿ ಸಾಧುವಾಗಿದ್ದು ಮಧ್ಯಾಹ್ನಕ್ಕೆ ಮೊಂಡುತನ ತೋರಿಸುತ್ತದೆ. ಬಲ್ಲವರ ಮುಂದೆ ನಿಲ್ಲಿಸಿದಾಗ ತನಗೇನೂ ಆಗಿಲ್ಲವೆಂಬಂತೆ ನಡೆದುಕೊಂಡು, ಕರೆತಂದವನನ್ನೇ ಸುಳ್ಳುಗಾರನನ್ನಾಗಿ ಮಾಡುತ್ತದೆ. ನಮ್ಮ ಕುಟುಂಬದಲ್ಲಿ ಇಂಥದೊಂದು ಸಂಶಯವು ಒಂದು ಶ್ರಾವಣಮಾಸದಲ್ಲಿ ಜನಿಸಿ, ದಸರೆಯ ವೇಳೆಗೆ ಪ್ರೌಢಾವಸ್ಥೆಗೆ ಬಂದು, ಅಷ್ಟರೊಳಗೆ ಮನೆಯ ಸಕಲರ ನಡತೆಯನ್ನೂ ಶೋಧಿಸಿಬಿಟ್ಟಿತು.

ನಮ್ಮ ವಾಸ ಕರ್ನೂಲು ಜಿಲ್ಲೆಯ ಪಡುವಣ ಭಾಗದ ಆದವಾನಿಯಲ್ಲಿ. ಕ್ಲಚ್ಚಿನ ಧರ್ಮಾಧರ್ಮಗಳನ್ನು ವಿಚಾರಿಸತಕ್ಕವರು ಮೊದಲು ಈ ಊರಿನ ಬೀದಿಗಳನ್ನು ನೋಡಬೇಕು. ಬೆಟ್ಟದ ಮೇಲಣ ಕೋಟೆ ವಿಜಯನಗರದವರ ಕೈಯಲ್ಲಿದ್ದು ಅನಂತರ ಬಿಜಾಪುರದವರ ಕೈಸೇರಿತು. 17ನೆಯ ಶತಮಾನದಲ್ಲಿ ಆದಿಲಶಾಹಿಯ ಪರವಾಗಿ ಇಲ್ಲಿ ಅಧಿಕಾರ ನಡೆಸಿದ ಸಿದ್ದಿ ಮಸೂದ್ ಖಾನನು, ರಾಘವೇಂದ್ರಸ್ವಾಮಿಗಳಿಗೆ ಮಂಚಾಲೆ ಗ್ರಾಮವನ್ನು ಅರ್ಪಿಸಿದವನೆಂದು ಪರಂಪರೆ ಸ್ಮರಿಸುವ ಆ ನವಾಬನೇ, ಊರೊಳಗಿನ ಜಾಮಿಯಾ ಮಸೀದಿಯನ್ನು ಕಟ್ಟಿಸಿದನು. 1786ರಲ್ಲಿ ಟಿಪ್ಪುಸುಲ್ತಾನನು ಮುತ್ತಿಗೆ ಹಾಕಿ ಕೋಟೆಯನ್ನು ಹಿಡಿದನು. ಇಷ್ಟು ಮಂದಿ ಪ್ರಭುಗಳಲ್ಲಿ ಒಬ್ಬರಿಗಾದರೂ, ಮುಂದೊಂದು ಕಾಲಕ್ಕೆ ಈ ಪೇಟೆಯ ಸಂದಿಗಳಲ್ಲಿ ಎರಡು ಕಾರುಗಳು ಎದುರುಬದುರಾಗಿ ಬಂದು, ನಡುವೆ ಒಂದು ಎಮ್ಮೆಯೂ ನಾಲ್ಕು ಆಟೋಗಳೂ ಸಿಕ್ಕಿಕೊಂಡು, ಯಾರೂ ಹಿಂದೆಗೆಯಲೊಲ್ಲದೆ ಅಂಗುಲ ಅಂಗುಲವಾಗಿ ಮುಂದೆ ಸರಿಯುವ ಪ್ರಸಂಗ ಬರುವುದೆಂಬ ದೂರದೃಷ್ಟಿ ಇದ್ದಂತೆ ತೋರುವುದಿಲ್ಲ. ಹತ್ತಿಯ ಸುಗ್ಗಿ ಬಂದಿತೆಂದರೆ ಮಾರ್ಕೆಟ್ ಯಾರ್ಡಿನ ದಾರಿಯಲ್ಲಿ, ತಮ್ಮ ಅಗಲದ ಎರಡರಷ್ಟು ಅಂಡಿಗೆಗಳನ್ನು ಹೇರಿಕೊಂಡ ಟ್ರ್ಯಾಕ್ಟರುಗಳೂ ಲಾರಿಗಳೂ ಒಂದರ ಹಿಂದೊಂದು ನಿಂತು, ಹತ್ತು ಹೆಜ್ಜೆ ನಡೆದು ಮತ್ತೆ ನಿಲ್ಲುತ್ತವೆ. ಅವುಗಳ ನಡುವೆ ಸಿಕ್ಕ ಕಾರಿನವನು ಪೆಡಲನ್ನು ಪೂರಾ ಒತ್ತುವಂತೆಯೂ ಇಲ್ಲ, ಪೂರಾ ಬಿಡುವಂತೆಯೂ ಇಲ್ಲ; ಅರ್ಧ ಒತ್ತಿ ಅರ್ಧ ಬಿಟ್ಟು, ಹಾಫ್ ಕ್ಲಚ್ಚೆಂದು ಡ್ರೈವರುಗಳು ಕರೆಯುವ ಆ ಅನಿಶ್ಚಿತ ಅವಸ್ಥೆಯಲ್ಲಿ ಕಾಲನ್ನು ಹಿಡಿದಿರಬೇಕು. ಕ್ಲಚ್ಚು ಸವೆಯುವುದು ಅಲ್ಲಿಯೇ. ಹೆದ್ದಾರಿಯಲ್ಲಿ ನೂರು ಮೈಲಿ ಹೋಗಿ ಬಂದರೂ ಆಗದ ಸವಕಳಿ ಈ ಪೇಟೆಯಲ್ಲಿ ಒಂದು ಸಂತೆಯ ದಿನಕ್ಕೆ ಆಗುವುದೆಂದು ಮೇಸ್ತ್ರಿಗಳು ಹೇಳುತ್ತಾರೆ. ಅವರ ಅಂಗಡಿಗಳೂ ಹೆದ್ದಾರಿಗಿಂತ ಪೇಟೆಗೆ ಸಮೀಪವಾಗಿವೆ.

ಕಾರು ನಮ್ಮದೊಂದೇ ಮನೆಯದಲ್ಲ. ಪಕ್ಕದ ಮನೆಯಲ್ಲಿರುವ ಅಕ್ಕ ಭಾವಂದಿರೂ ನಾವೂ ಸೇರಿ, ಬೇರೊಬ್ಬರ ಕೈಯಲ್ಲಿ ಕೆಲವು ವರ್ಷ ನಡೆದಿದ್ದ ಗಾಡಿಯನ್ನು ಕೊಂಡೆವು. ಅದನ್ನು ನಡೆಸುವವರು ನಾಲ್ವರು. ಭಾವನವರದು ಹತ್ತಿಯ ದಲಾಲಿ ಅಂಗಡಿ. ಅವರು ಪೆಟ್ರೋಲಿನ ಮಿತವ್ಯಯಕ್ಕಾಗಿ, ಗಾಡಿ ನಡೆಯುವುದೋ ನಿಲ್ಲುವುದೋ ಎಂಬಷ್ಟು ನಿಧಾನದಲ್ಲಿದ್ದಾಗಲೂ ಟಾಪ್ ಗೇರಿನಿಂದ ಕೆಳಗಿಳಿಯುವವರಲ್ಲ. ಅಕ್ಕನು ರಣಮಂಡಲದ ಆಂಜನೇಯನ ದರ್ಶನಕ್ಕೂ ಮಹಾಯೋಗಿ ಲಕ್ಷ್ಮಮ್ಮವ್ವನ ಗುಡಿಗೂ ತಾನೇ ನಡೆಸಿಕೊಂಡು ಹೋಗುವಳು. ಗೇರು ಬದಲಾಯಿಸುವಾಗ ಆಕೆಯ ಮುಖದಲ್ಲಿ ಮಂಗಳಾರತಿಯ ಸಮಯದ ಏಕಾಗ್ರತೆಯಿರುತ್ತದೆ. ಅವರ ಮಗ, ನನ್ನ ಸೋದರಳಿಯ, ಲೈಸೆನ್ಸು ದೊರೆತ ಹುರುಪಿನಲ್ಲಿರುವ ತರುಣ. ನಾಲ್ಕನೆಯವನು ನಾನು. ಒಂದು ಕ್ಲಚ್ಚು, ನಾಲ್ಕು ಎಡಗಾಲು. ನ್ಯಾಯಶಾಸ್ತ್ರಕ್ಕೆ ಇದಕ್ಕಿಂತ ಕಠಿಣವಾದ ಮೊಕದ್ದಮೆ ದೊರೆಯುವುದು ಅಪೂರ್ವ.

ಶ್ರಾವಣಮಾಸದಲ್ಲಿ ಕೌತಾಳದ ಕಡೆಯ ಉರುಕುಂದದಲ್ಲಿ ಈರಣ್ಣಸ್ವಾಮಿಯ ದರ್ಶನಕ್ಕೆ ಜನ ಕಿಕ್ಕಿರಿದು ನೆರೆಯುವುದನ್ನು ಈ ಪ್ರಾಂತದವರಿಗೆ ಹೇಳಬೇಕಾದುದಿಲ್ಲ. ಆಂಧ್ರದವರೆಷ್ಟೋ ಅಷ್ಟೇ ಮಂದಿ ಹೊಳೆಯಾಚೆಯ ರಾಯಚೂರಿನವರು, ಬಳ್ಳಾರಿಯವರು. ಟ್ರ್ಯಾಕ್ಟರುಗಳಲ್ಲಿ, ಟೆಂಪೊಗಳಲ್ಲಿ, ಎತ್ತಿನ ಗಾಡಿಗಳಲ್ಲಿ, ನಡೆದು, ಹೀಗೆ ಬರುವವರ ಸಾಲು ಊರಿನಿಂದ ಬಹುದೂರ ಹಿಂದಕ್ಕೆ ನಿಂತಿರುತ್ತದೆ. ಆ ಸಾಲಿನಲ್ಲಿ ತೆವಳಿ ಹೋಗಿ, ದರ್ಶನ ಮಾಡಿಕೊಂಡು, ಹಾಗೆಯೇ ತೆವಳಿ ಹೊರಬಿದ್ದು, ಸಾಯಂಕಾಲ ಹಿಂದಿರುಗುವಾಗ, ತುಂಗಭದ್ರಾ ಕೆಳಮಟ್ಟದ ಕಾಲುವೆಯ ಸೇತುವೆಗೆ ಏರುವ ಸಣ್ಣ ದಿಬ್ಬದಲ್ಲಿ, ಅಳಿಯನು ಆಕ್ಸಿಲರೇಟರನ್ನು ಒತ್ತಲು ಎಂಜಿನ್ನಿನ ಧ್ವನಿ ತಾರಸ್ಥಾಯಿಗೆ ಏರಿತೇ ಹೊರತು ಗಾಡಿ ಮಂದ್ರದಲ್ಲಿಯೇ ಉಳಿಯಿತು. ಏದುತ್ತ ಏದುತ್ತ ಸೇತುವೆಯ ನೆತ್ತಿಯನ್ನು ಮುಟ್ಟಿದ ಮೇಲೆ ಒಂದು ವಾಸನೆ ಬಂದಿತು. ಹೊಲದಲ್ಲಿ ಯಾರೋ ಹತ್ತಿಯ ಕಟ್ಟಿಗೆ ಸುಡುತ್ತಿರಬೇಕೆಂದು ಅಕ್ಕನು ಹೇಳಿದಳು. ಶ್ರಾವಣದಲ್ಲಿ ಹತ್ತಿಯ ಗಿಡ ಇನ್ನೂ ಹಸಿರಾಗಿರುವುದೆಂಬುದನ್ನು ದಲಾಲಿಯ ಹೆಂಡತಿಯಾಗಿ ಆಕೆ ಅರಿಯದವಳಲ್ಲ. ಮಗನ ಕಡೆಗೆ ಬರುತ್ತಿದ್ದ ಮಾತನ್ನು ಬೇರೆಡೆಗೆ ತಿರುಗಿಸುವ ತಾಯಿಯ ಉಪಾಯವದು.

“ಕ್ಲಚ್ ಸುಟ್ಟಾನ ನೋಡು,” ಎಂದರು ಭಾವನವರು.

“ಅಪ್ಪಾ, ನಾನು ಕಾಲೇ ಇಟ್ಟಿಲ್ಲ ಅದರ ಮ್ಯಾಲೆ. ಮಾವ, ನೀವೇ ಹೇಳ್ರಿ,” ಎಂದು ಅಳಿಯನು ನನ್ನನ್ನು ಸಾಕ್ಷಿಗೆ ಕರೆದನು. ಹಿಂದಿನ ಆಸನದಲ್ಲಿ ಪ್ರಸಾದದ ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತವನಿಗೆ ಮುಂದಿನವನ ಪಾದ ಕಾಣುವುದಿಲ್ಲವೆಂಬ ಭೌಗೋಳಿಕ ಸತ್ಯವನ್ನು ನಾನು ತಿಳಿಸಿದೆನು. ಇದನ್ನು ಇಬ್ಬರೂ ವಿರುದ್ಧಪಕ್ಷದ ಹೇಳಿಕೆಯೆಂದು ಎಣಿಸಿದರು.

ಈ ಯಂತ್ರದ ಕೆಲಸವೇನೆಂದು ಕೇಳದೆಯೇ ಅದರ ವಿಷಯದಲ್ಲಿ ತೀರ್ಪು ಕೊಡುವವರು ಲೋಕದಲ್ಲಿ ಹೆಚ್ಚಾದುದರಿಂದ, ಅದರ ವೃತ್ತಾಂತವನ್ನು ಸ್ವಲ್ಪ ವಿಸ್ತರಿಸುವೆನು. ಎಂಜಿನ್ನು ಬದುಕಿರಬೇಕಾದರೆ ಗಾಡಿ ನಿಂತಿರುವಾಗಲೂ ನಿಮಿಷಕ್ಕೆ ಏಳೆಂಟು ನೂರು ಸುತ್ತಾದರೂ ತಿರುಗುತ್ತಿರಬೇಕು, ಚಕ್ರಗಳಾದರೋ ನಿಶ್ಚಲವಾಗಿವೆ. ತಿರುಗುತ್ತಿರುವುದನ್ನೂ ನಿಂತಿರುವುದನ್ನೂ ಒಮ್ಮೆಗೇ ಬಿಗಿದರೆ ಒಂದೋ ಎಂಜಿನ್ನು ಪ್ರಾಣ ಬಿಡಬೇಕು, ಇಲ್ಲವೆ ಗೇರಿನ ಹಲ್ಲುಗಳು ಉದುರಬೇಕು. ಆದುದರಿಂದ ಎಂಜಿನ್ನಿನ ಹಿಂಬದಿಯ ಫ್ಲೈವೀಲೆಂಬ ಭಾರವಾದ ಉಕ್ಕಿನ ಚಕ್ರಕ್ಕೂ, ಅದಕ್ಕೆ ಬಿಗಿದಿರುವ ಪ್ರೆಷರ್ ಪ್ಲೇಟಿಗೂ ನಡುವೆ, ಎರಡು ಮೋರೆಗೂ ಘರ್ಷಣದ ಹೊದಿಕೆಯುಳ್ಳ ತೆಳುವಾದ ತಟ್ಟೆಯೊಂದನ್ನು ಇರಿಸಿದ್ದಾರೆ. ಸಣ್ಣ ಕಾರುಗಳಲ್ಲಿ ಅದರ ವ್ಯಾಸ ಸುಮಾರು 180ರಿಂದ 200 ಮಿಲಿಮೀಟರು, ನಮ್ಮ ಮನೆಯ ಊಟದ ತಟ್ಟೆಗಿಂತ ಚಿಕ್ಕದು. ಪೆಡಲನ್ನು ಮುಟ್ಟದಿರುವಾಗ ಪ್ರೆಷರ್ ಪ್ಲೇಟಿನ ಸ್ಪ್ರಿಂಗು ಆ ತಟ್ಟೆಯನ್ನು ಫ್ಲೈವೀಲಿಗೆ ಅದುಮಿ ಹಿಡಿದಿರುತ್ತದೆ. ಮೂರೂ ಒಂದಾಗಿ ತಿರುಗಿ, ತಟ್ಟೆಯ ನಡುವೆ ತೂರಿಸಿದ ದಂಡದ ಮೂಲಕ ಶಕ್ತಿ ಗೇರ್ ಬಾಕ್ಸಿಗೆ ಹೋಗುತ್ತದೆ. ಪೆಡಲನ್ನು ಒತ್ತಿದೊಡನೆ ರಿಲೀಸ್ ಬೇರಿಂಗು ಮುಂದೆ ಸರಿದು ಸ್ಪ್ರಿಂಗನ್ನು ಅಮುಕಲು, ಹಿಡಿತ ಸಡಿಲಿ, ಎಂಜಿನ್ನು ತನ್ನ ಪಾಡಿಗೆ ತಾನು ತಿರುಗುತ್ತದೆ. ಕಾಲನ್ನು ಮೆಲ್ಲಗೆ ಬಿಡುವಾಗ, ಪೂರ್ಣ ವಿಯೋಗಕ್ಕೂ ಪೂರ್ಣ ಸಂಯೋಗಕ್ಕೂ ಮಧ್ಯದ ಕೆಲವು ಕ್ಷಣಗಳಲ್ಲಿ ತಟ್ಟೆ ಜಾರುತ್ತ ಜಾರುತ್ತ ವೇಗವನ್ನು ಕೂಡಿಕೊಳ್ಳುತ್ತದೆ. ಆ ಜಾರುವಿಕೆಯೇ ಅದರ ಗುಣ, ಅದೇ ಅದರ ಸಾವು. ಪ್ರತಿ ಸಲವೂ ಕೂದಲೆಳೆಯಷ್ಟು ತಾನು ಸವೆದು, ಬೆಲೆಬಾಳುವ ಹಲ್ಲುಗಳನ್ನು ಉಳಿಸಿಕೊಡುವ ಆ ತಟ್ಟೆ, ಎಚ್ಚರಿಕೆಯ ಕಾಲಿನ ಕೆಳಗೆ ಲಕ್ಷ ಕಿಲೋಮೀಟರು ಮೀರಿ ಬಾಳುವುದುಂಟು. ಪೆಡಲನ್ನು ಕಾಲ್ಮಣೆಯೆಂದು ಭ್ರಮಿಸಿ ಸದಾ ಪಾದವನ್ನು ಅದರ ಮೇಲೆ ಊರಿಕೊಂಡಿರುವವನಿಗೆ 20,000ಕ್ಕೇ ಶರಣೆನ್ನುವುದೂ ಉಂಟು.

ಪೂರ್ವಕಾಲದ ಮೋಟಾರುಗಳಲ್ಲಿ ಈ ಹೊದಿಕೆ ಚರ್ಮದ್ದಾಗಿದ್ದಿತು. ಎಷ್ಟೋ ಗಾಡಿಗಳ ಕ್ಲಚ್ಚು ಆಗ ಶಂಕುವಿನಾಕಾರದ್ದು. ಚರ್ಮ ಒಣಗಿದರೆ ಎಗರೆಗರಿ ಹಿಡಿಯುತ್ತಿದ್ದುದರಿಂದ ಎಣ್ಣೆ ಸವರುವರು. ಎಣ್ಣೆ ಹೆಚ್ಚಾಗಿ ಜಾರತೊಡಗಿದರೆ, ನಮ್ಮ ಹೆಣ್ಣುಮಕ್ಕಳು ಮುಖಕ್ಕೆ ಲೇಪಿಸಿಕೊಳ್ಳುವ ಮುಲ್ತಾನಿ ಮಿಟ್ಟಿಯ ಜಾತಿಯ ಮಣ್ಣಿದೆಯಲ್ಲ, ಅದನ್ನು ಉದುರಿಸಿ ಎಣ್ಣೆಯನ್ನು ಹೀರಿಸುವರು. ಕ್ಲಚ್ಚಿನ ಚಿಕಿತ್ಸೆಯೂ ಕಾಂತಿವರ್ಧನವೂ ಒಂದೇ ಡಬ್ಬಿಯಿಂದ ನಡೆಯುತ್ತಿದ್ದ ಆ ಸುಖದ ದಿನಗಳು ಈಗಿಲ್ಲ. ಹರ್ಬರ್ಟ್ ಫ್ರೂಡನೆಂಬವನು ಇಂಗ್ಲೆಂಡಿನ ಡರ್ಬಿಷೈರಿನ ಗುಡ್ಡಗಾಡಿನಲ್ಲಿ, ಇಳಿಜಾರಿನಲ್ಲಿ ಓಡುವ ಕುದುರೆಗಾಡಿಗಳನ್ನು ತಡೆಯಲು ಗಾಡಿಯವರು ಹಳೆಯ ಬೂಟುಗಳನ್ನು ಬ್ರೇಕಿಗೆ ಕಟ್ಟುತ್ತಿದ್ದುದನ್ನು ಕಂಡು, ಅದಕ್ಕಿಂತ ಉತ್ತಮವಾದುದೊಂದನ್ನು ಮಾಡಬೇಕೆಂದು ಹೊರಟನಂತೆ. 1897ರಲ್ಲಿ ಅವನು ತೊಡಗಿದ ಉದ್ಯಮವೇ ಮುಂದೆ ಫೆರೋಡೊ ಎಂದು ಪ್ರಸಿದ್ಧವಾಯಿತು. ಅವನ ಮೊದಮೊದಲ ಘರ್ಷಣವಸ್ತುಗಳಲ್ಲಿ ಒಂದು, ಅಂಟುದ್ರವ್ಯದಲ್ಲಿ ನೆನೆಸಿ ಗಟ್ಟಿಮಾಡಿದ ಹತ್ತಿಯ ನೇಯ್ಗೆ. ತಾಪಕ್ಕೆ ಹತ್ತಿ ತಡೆಯದೆಂದು ತರುವಾಯ ಕಲ್ನಾರು ಬಂದಿತು. ಕಲ್ನಾರಿನ ಧೂಳು ಶ್ವಾಸಕೋಶಕ್ಕೆ ಮಾರಕವೆಂದು ತಿಳಿದ ಮೇಲೆ ಈಗ ಗಾಜಿನ ಎಳೆ, ತಾಮ್ರದ ತಂತಿ, ರಾಳ ಮುಂತಾದುವುಗಳ ಮಿಶ್ರಣವಿದೆ. ಹತ್ತಿಯ ಈ ಸಂಗತಿಯನ್ನು ನಾನು ಹೇಳಿದಾಗ ಭಾವನವರ ಮುಖ ಅರಳಿತು. ಈ ಸೀಮೆಯ ಎರೆಮಣ್ಣಿನ ಹತ್ತಿ ವೆಸ್ಟರ್ನ್ಸ್ ಎಂಬ ವ್ಯಾಪಾರದ ಹೆಸರಿನಿಂದ ಹಿಂದೆ ದೇಶಾಂತರಗಳಿಗೆ ಹೋಗುತ್ತಿದ್ದುದು ಅವರಿಗೆ ಮನೆತನದ ಮಾತು. “ಹಂಗಾದ್ರೆ ನಮ್ಮ ಹತ್ತೀನೇ ಬಿಳಿಯರ ಗಾಡಿ ನಿಲ್ಸೈತೆ ಅನ್ನು,” ಎಂದು ಅವರು ಅಂಗಡಿಗೆ ಹೋದವರು, ಸಂಜೆಯೊಳಗೆ ಪೇಟೆಯಲ್ಲೆಲ್ಲ ಇದನ್ನು ಸಿದ್ಧಾಂತವೆಂದು ಹರಡಿ ಬಂದರು. ಪುರಾವೆಯನ್ನು ಕೇಳುವ ಅಭ್ಯಾಸ ಹತ್ತಿಯ ಪೇಟೆಯಲ್ಲಿ ತೂಕದ ಚೀಟಿಗೆ ಮಾತ್ರ ಉಂಟು.

ಇನ್ನು ಸಂಶಯವನ್ನು ಪರಿಹರಿಸಿಕೊಳ್ಳುವ ಬಗೆ. ಗೇರ್ ಬಾಕ್ಸನ್ನು ಇಳಿಸದೆ ಕ್ಲಚ್ಚಿನ ಮುಖದರ್ಶನವಿಲ್ಲ; ಇಳಿಸುವುದಕ್ಕೆ ಒಂದು ದಿನದ ಕೂಲಿ ತಪ್ಪದು; ಆದಕಾರಣ ಹೊರಗಿನಿಂದಲೇ ಲಕ್ಷಣಗಳನ್ನು ನೋಡಿ ರೋಗವನ್ನು ಊಹಿಸಬೇಕು. ಪ್ರಸಿದ್ಧವಾದ ಪರೀಕ್ಷೆ ಇದು: ಸಮನೆಲದಲ್ಲಿ, ಮುಂದೆ ಯಾರೂ ಇಲ್ಲದಂತೆ ನೋಡಿಕೊಂಡು, ಹ್ಯಾಂಡ್ ಬ್ರೇಕನ್ನು ಬಲವಾಗಿ ಎಳೆದು, ಮೂರನೆಯ ಇಲ್ಲವೆ ನಾಲ್ಕನೆಯ ಗೇರಿಗೆ ಹಾಕಿ, ಪೆಡಲನ್ನು ಬಿಟ್ಟುನೋಡುವುದು. ಎಂಜಿನ್ನು ಒಡನೆಯೇ ಉಸಿರುಗಟ್ಟಿ ನಿಂತರೆ ಹಿಡಿತ ಗಟ್ಟಿಯಾಗಿದೆ. ನಿಲ್ಲದೆ ಆರಾಮವಾಗಿ ತಿರುಗುತ್ತಿದ್ದರೆ ಪ್ಲೇಟು ಜಾರುತ್ತಿದೆ. ಪೆಡಲು ಬಹಳ ಮೇಲೆ ಬಂದ ಮೇಲೆ ಗಾಡಿ ಹಿಡಿದುಕೊಂಡರೆ ಅದು ಪ್ಲೇಟು ಸವೆದಿರುವ ಸೂಚನೆ. ಆದರೆ ಕೇಬಲಿನ ಬಿಗಿತ ಹೆಚ್ಚಾಗಿದ್ದರೂ ಹೀಗೆಯೇ ಆಗುವುದುಂಟಾದುದರಿಂದ, ಪೆಡಲಿನ ಮೇಲ್ತುದಿಯಲ್ಲಿ ಒಂದೆರಡು ಸೆಂಟಿಮೀಟರಿನಷ್ಟು ಬಿಡುವಿದೆಯೋ ಇಲ್ಲವೋ ಎಂದು ಮೊದಲು ಕೈಯಿಂದ ಒತ್ತಿ ನೋಡಬೇಕು. ಬಿಡುವಿಲ್ಲದಿದ್ದರೆ ಒಂದು ನಟ್ಟಿನ ತಿರುವಿನಿಂದಲೇ ರೋಗ ವಾಸಿಯಾದೀತು. ರಿವರ್ಸಿಗೆ ಹಾಕುವಾಗ ಕರಕರನೆ ಹಲ್ಲು ಕಡಿದರೆ ಅದು ಜಾರುವ ರೋಗವಲ್ಲ, ಬಿಡದಿರುವ ರೋಗ. ಪೆಡಲನ್ನು ಒತ್ತಿದಾಗ ಗರಗರ ಸದ್ದು ಹುಟ್ಟಿದರೆ ರಿಲೀಸ್ ಬೇರಿಂಗಿನ ಮೇಲೆ ಅನುಮಾನ. ಬಿಟ್ಟಾಗ ಸದ್ದಿದ್ದು ಒತ್ತಿದಾಗ ಅಡಗಿದರೆ ಗೇರ್ ಬಾಕ್ಸಿನೊಳಗಿನ ಬೇರಿಂಗಿನ ಮೇಲೆ. ಹೊರಡುವಾಗ ಗಾಡಿ ನಡುಗಿದರೆ ಪ್ಲೇಟಿನ ಮೋರೆಯ ಮೇಲೆ ಎಣ್ಣೆಯೋ, ಫ್ಲೈವೀಲಿನಲ್ಲಿ ಕಾದ ಕಲೆಗಳೋ ಇರಬಹುದು. ನಮ್ಮ ಗಾಡಿಯಲ್ಲಿ ಜಾರುವಿಕೆಯೂ ನಡುಕವೂ ಎರಡೂ ಇದ್ದುವು. ಆ ನಡುಕವನ್ನು ಮಾತ್ರ ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ, ಏಕೆಂದರೆ ಅದು ಯಾರ ವಿರುದ್ಧವೂ ಸಾಕ್ಷ್ಯವಾಗುತ್ತಿರಲಿಲ್ಲ.

ಹ್ಯಾಂಡ್ ಬ್ರೇಕಿನ ಪರೀಕ್ಷೆಯಲ್ಲಿ ಒಂದು ತೊಡಕಿದೆ. ಜಾರುವ ಪ್ಲೇಟನ್ನು ಹಾಗೆ ಜಾರಿಸಿದಷ್ಟೂ ಅದು ಸುಡುತ್ತದೆ. ಒಮ್ಮೆ ಮಾಡಿ ಬಿಟ್ಟುಬಿಡಬೇಕಾದುದು. ಭಾವನವರು ಇದನ್ನು ಅಂಗಳದಲ್ಲಿ ಬಂದವರಿಗೆಲ್ಲ ತೋರಿಸತೊಡಗಿದರು. ಮೊದಲನೆಯ ದಿನ ಅಳಿಯನ ಅಪರಾಧವನ್ನು ಸ್ಥಾಪಿಸುವುದಕ್ಕಾಗಿ, ಅನಂತರ ಎದುರುಮನೆಯ ಮೇಷ್ಟರಿಗಾಗಿ, ಅವರಾದ ಮೇಲೆ ಎಮ್ಮಿಗನೂರಿನಿಂದ ಬಂದ ಬೀಗರಿಗಾಗಿ. ಪ್ರತಿಯೊಂದು ಪ್ರದರ್ಶನದ ಕೊನೆಯಲ್ಲಿಯೂ ವಾಸನೆಯೆದ್ದು, “ನೋಡಿದ್ರ್ಯಾ?” ಎಂಬ ಅವರ ವಿಜಯದ ಮಾತು ಕೇಳಿಬರುತ್ತಿತ್ತು.

ಅಕ್ಕನು ಬೇರೆ ಪಕ್ಷ ಹಿಡಿದಳು. ಟಾಪ್ ಗೇರಿನಲ್ಲಿಯೇ ಬಜಾರನ್ನು ದಾಟುವವರ ಕಾಲಿನಿಂದ ಕ್ಲಚ್ಚು ಉಳಿಯುವುದು ಹೇಗೆಂದು ಆಕೆ ಕೇಳಿದಳು. ನ್ಯಾಯವಾದ ಪ್ರಶ್ನೆಯೇ, ಏಕೆಂದರೆ ತಗ್ಗಿದ ವೇಗದಲ್ಲಿ ಎತ್ತರದ ಗೇರಿನಲ್ಲಿದ್ದರೆ ಗಾಡಿ ನಿಲ್ಲದಂತೆ ಮಾಡಲು ಕಾಲು ಪದೇಪದೇ ಪೆಡಲಿನ ಮೇಲೆ ಹೋಗಲೇಬೇಕು. ಭಾವನವರು ಗುಡಿಯ ಬಳಿಯ ಏರಿನಲ್ಲಿ ಬ್ರೇಕಿಗೆ ಬದಲಾಗಿ ಕ್ಲಚ್ಚಿನಿಂದಲೇ ಗಾಡಿಯನ್ನು ತಡೆದು ನಿಲ್ಲಿಸುವವರು ಯಾರೆಂದು ಮರುಪ್ರಶ್ನೆ ಹಾಕಿದರು. ಅಳಿಯನು, ಮಳೆಯಾದ ಮರುದಿನ ಹೊಲದ ಎರೆಯಲ್ಲಿ ಹೂತುಹೋದ ಗಾಡಿಯನ್ನು ಹಿಂದೆ ಮುಂದೆ ಮಾಡಿ ಎತ್ತಿದ್ದು ಮಾವನಲ್ಲವೆ ಎಂದು ನನ್ನ ಹೆಸರನ್ನೂ ಕಡತಕ್ಕೆ ಸೇರಿಸಿದನು. ಎರೆನೆಲವನ್ನು ಬಲ್ಲವರಿಗೆ ಗೊತ್ತು, ನೆನೆದ ಮೇಲೆ ಅದು ಚಕ್ರವನ್ನೇ ಜಾರಿಸುತ್ತದೆಯಾಗಿ ಕ್ಲಚ್ಚು ಜಾರುವುದು ಕಡಮೆ. ಆದರೆ ಈ ಸೂಕ್ಷ್ಮವನ್ನು ಆ ಸಭೆಯಲ್ಲಿ ಕೇಳುವವರಿರಲಿಲ್ಲ.

ನೆರೆಯವರ ಸಲಹೆಗಳೆಲ್ಲ ಕೊನೆಗೆ ಒಂದೇ ಕಡೆಗೆ ಹರಿದವು: “ಬಳ್ಳಾರಿಗೆ ಹೋಗಿ ತೋರಿಸ್ರಿ.” ಆಲೂರು, ಆದವಾನಿ, ರಾಯದುರ್ಗ ತಾಲ್ಲೂಕುಗಳು ಬಳ್ಳಾರಿ ಜಿಲ್ಲೆಯಿಂದ ಬೇರೆಯಾಗಿ ಆಂಧ್ರಕ್ಕೆ ಸೇರಿದ್ದು 1953ರ ಅಕ್ಟೋಬರ್ 1ರಂದು. ಆಲೂರೂ ಆದವಾನಿಯೂ ಕರ್ನೂಲು ಜಿಲ್ಲೆಗೆ ಹೋದುವು. ಬಳ್ಳಾರಿ ಮೈಸೂರಿಗೆ ಸೇರಿತು. ಅಂದಿನಿಂದ ನಮ್ಮ ದಫ್ತರಗಳು ಕರ್ನೂಲಿನಲ್ಲಿವೆ, ಶಾಲೆಯ ಪುಸ್ತಕ ಹೆಚ್ಚಾಗಿ ತೆಲುಗಿನದು. ಆದರೂ ಹಲ್ಲು ಕೀಳಿಸುವುದಕ್ಕೆ, ಮದುವೆಯ ಸೀರೆಗೆ, ಯಂತ್ರದ ರೋಗಕ್ಕೆ ಈ ಕಡೆಯ ಹಿರಿಯರ ಮನಸ್ಸು ಹಗರಿಯನ್ನು ದಾಟಿ ಬಳ್ಳಾರಿಯ ಕಡೆಗೇ ಹೋಗುತ್ತದೆ. ಕ್ಲಚ್ಚನ್ನು ಒತ್ತಿ ಎಂಜಿನ್ನಿನಿಂದ ಬಿಡಿಸಿದ ಮೇಲೆಯೂ ಗಾಡಿ ಹಿಂದಿನ ವೇಗದಲ್ಲಿ ಬಹುದೂರ ಉರುಳುತ್ತದೆಯಲ್ಲವೆ? ಇಷ್ಟು ದಶಕಗಳಾದರೂ ನಿಲ್ಲದ ಉರುಳುವಿಕೆ ಮಾತ್ರ ಯಾವ ಯಂತ್ರದಲ್ಲಿಯೂ ಕಾಣದು.

ಆದರೆ ಜಾರುವ ಕ್ಲಚ್ಚಿನಲ್ಲಿ ಬಳ್ಳಾರಿಗೆ ಹೋಗುವುದೆಂತು? ಎದುರು ಸಾಲಿನಲ್ಲಿ ಒಬ್ಬ ಮುದುಕರಿದ್ದಾರೆ, ಒಂದು ಕಾಲಕ್ಕೆ ಲಾರಿ ನಡೆಸಿದವರು. ಕೇಬಲು ಹರಿದ ಗಾಡಿಯನ್ನು ಕ್ಲಚ್ಚೇ ಇಲ್ಲದೆ ಆಲೂರಿನಿಂದ ತಂದವರೆಂಬ ಕೀರ್ತಿ ಅವರಿಗಿದೆ: ಮೊದಲನೆಯ 
ಗೇರಿಗೆ ಹಾಕಿ ಸ್ಟಾರ್ಟರು ಒತ್ತಿದರೆ ಗಾಡಿ ಕುಪ್ಪಳಿಸಿ ಹೊರಡುತ್ತದೆ. ಆಮೇಲೆ ಎಂಜಿನ್ನಿನ ಧ್ವನಿಯನ್ನು ಆಲಿಸಿ, ಅದರ ವೇಗವೂ ಗೇರಿನ ವೇಗವೂ ಸಮಕ್ಕೆ ಬಂದ ಗಳಿಗೆಯಲ್ಲಿ ಲಿವರನ್ನು ಜಾರಿಸಬೇಕು. ಇದು ಹಳೆಯ ಗಾಡಿಗಳಿಗೆ ಸಲ್ಲುವ ವಿದ್ಯೆ. ಪೆಡಲು ಒತ್ತದೆ ಸ್ಟಾರ್ಟೇ ಆಗದ ಹೊಸ ಗಾಡಿಗಳಲ್ಲಿ ನಡೆಯದು. ನಮ್ಮ ರೋಗಕ್ಕೆ ಅವರು ಬೇರೆ ಪಥ್ಯ ಹೇಳಿದರು. “ಆಕ್ಸಿಲೇಟರ್ ತುಳೀಬ್ಯಾಡ್ರಿ. ಜನಾನ ಕಡಿಮೆ ಹತ್ತಿಸ್ರಿ. ಎಂಜಿನ್ ಕೂಗ್ತು ಅಂದ್ರ ಕಾಲು ತಗೀರಿ, ಹಿಡಕಂತೈತೆ.” ಅವರ ಮಾತು ಅಕ್ಷರಶಃ ಸತ್ಯವಾಯಿತು. ಭಾರವೂ ಬಲವೂ ಕಡಮೆಯಾದರೆ ಜಾರುವ ಪ್ಲೇಟೂ ಹಿಡಿದುಕೊಳ್ಳುತ್ತದೆ. ಆದರೆ ಬಳ್ಳಾರಿಗೆ ಬರಲು ಮನೆಯ ನಾಲ್ವರೂ, ತೀರ್ಪನ್ನು ಕಿವಿಯಾರೆ ಕೇಳಬೇಕೆಂದು ಮೇಷ್ಟರೂ ಸಿದ್ಧರಾಗಿ ಕುಳಿತುದರಿಂದ, ಭಾರ ಕಡಮೆ ಮಾಡುವ ಪಥ್ಯ ಅಸಾಧ್ಯವಾಯಿತು. ಊರಿನಲ್ಲಿಯೇ ತೋರಿಸುವುದೆಂದು ಕೊನೆಗೆ ತೀರ್ಮಾನವಾಯಿತು.

ಮೇಸ್ತ್ರಿಯ ಅಂಗಡಿ ಜಿನ್ನಿಂಗ್ ಮಿಲ್ಲುಗಳ ಕಡೆಗಿದೆ. ಆತನು ಹುಡುಗರೊಡನೆ ಉರ್ದುವಿನಲ್ಲಿಯೂ, ಬಿಡಿಭಾಗದ ಅಂಗಡಿಯವನೊಡನೆ ಫೋನಿನಲ್ಲಿ ತೆಲುಗಿನಲ್ಲಿಯೂ, ನಮ್ಮೊಡನೆ ಕನ್ನಡದಲ್ಲಿಯೂ ಮಾತನಾಡುತ್ತ, ಗಾಡಿಯೊಡನೆ ಮಾತ್ರ ಮೌನವಾಗಿ ವ್ಯವಹರಿಸುವವನು. ಭಾವನವರು ಎಲ್ಲ ವೃತ್ತಾಂತವನ್ನು ಹೇಳಿ ಮುಗಿಸುವವರೆಗೆ ಕೇಳಿದನು. ಒಮ್ಮೆ ತಾನೇ ಕುಳಿತು ಓಣಿಯ ತುದಿಯವರೆಗೆ ಹೋಗಿಬಂದನು. ಬಗ್ಗಿ, ಎಂಜಿನ್ನೂ ಗೇರ್ ಬಾಕ್ಸೂ ಕೂಡುವ ಸಂದಿಯ ಕೆಳಗೆ ಬೆರಳಾಡಿಸಿ, ಬೆರಳನ್ನು ಮೂಸಿ, ಒರಸಿಕೊಂಡನು. ಯಾರು ನಡೆಸಿದರೆಂದು ಆತನು ಕೇಳಲೇ ಇಲ್ಲ. ಭಾವನವರಿಗೆ ಇದು ಕರ್ತವ್ಯಲೋಪವೆಂದು ತೋರಿತು.

ಗೇರ್ ಬಾಕ್ಸು ಇಳಿಯಿತು. ಬಿಚ್ಚಿದ ಪ್ಲೇಟನ್ನು ಆತನು ಬಿಸಿಲಿಗೆ ಹಿಡಿದು ನಮ್ಮನ್ನೆಲ್ಲ ಕರೆದನು. ಹೊದಿಕೆಯನ್ನು ತಟ್ಟೆಗೆ ಬಿಗಿಯುವ ರಿವೆಟ್ಟುಗಳಿರುತ್ತವೆ. ಪ್ಲೇಟು ಸವೆದರೆ ಅವುಗಳ ತಲೆ ಮೋರೆಯ ಮಟ್ಟಕ್ಕೆ ಬಂದು ಉಕ್ಕನ್ನು ಗೀರುತ್ತದೆ. ನಮ್ಮದರಲ್ಲಿ ರಿವೆಟ್ಟುಗಳು ಇನ್ನೂ ಸಾಕಷ್ಟು ಆಳದಲ್ಲಿದ್ದುವು. ಮೋರೆ ಮಾತ್ರ ಕಪ್ಪಾಗಿ, ಗಾಜಿನ ಹೊಳಪು ಬಂದು, ಎಣ್ಣೆಯಲ್ಲಿ ತೊಯ್ದಿದ್ದಿತು. ಫ್ಲೈವೀಲಿನ ಮೇಲೆ ಅಲ್ಲಲ್ಲಿ ನೀಲಿಯ ಕಲೆಗಳು.

“ಇದು ಕಾಲಿಂದಲ್ಲಣ್ಣ. ಕ್ರ್ಯಾಂಕಿನ ಹಿಂದಿನ ಸೀಲು ಹೋಗೈತೆ. ಎಂಜಿನ್ ಆಯಿಲ್ ಬಂದು ಪ್ಲೇಟು ಕುಡಿದೈತೆ.”

ಹತ್ತಿಪ್ಪತ್ತು ರೂಪಾಯಿಯದೆಂದು ಉಪೇಕ್ಷಿಸುವಂತಹ ಆಕಾರದ ಒಂದು ರಬ್ಬರಿನ ಉಂಗುರ. ವಯಸ್ಸಿನಿಂದ ಬಿರುಸಾಗಿ, ತುಟಿ ಸೀಳಿ, ಹನಿಹನಿಯಾಗಿ ಎಣ್ಣೆಯನ್ನು ಬಿಟ್ಟುಕೊಟ್ಟಿತ್ತು. ಜಾರುವಿಕೆಯೂ ನಡುಕವೂ ಅಲ್ಲಿಂದಲೇ ಹುಟ್ಟಿದುವು. ಹೀಗೆ ನಾಲ್ಕು ಎಡಗಾಲುಗಳೂ ಒಂದೇ ಕ್ಷಣದಲ್ಲಿ ನಿರ್ದೋಷಿಗಳಾದರೂ, ಅಲ್ಲಿ ನಿಂತವರ ಮುಖಗಳಲ್ಲಿ ಕಂಡದ್ದು ಸಂತೋಷವಲ್ಲ. ಅಷ್ಟು ದಿನ ಶ್ರಮಪಟ್ಟು ಕಟ್ಟಿದ ಪ್ರತಿಯೊಬ್ಬರ ವಾದವೂ ಒಂದು ರಬ್ಬರಿನ ತುಂಡಿನೆದುರು ನಿರರ್ಥಕವಾದುದರ ಖಿನ್ನತೆ. ಭಾವನವರೊಬ್ಬರೇ ಸೋಲನ್ನು ಒಪ್ಪಲಿಲ್ಲ. “ಕುಡಿದಿದ್ದು ಪ್ಲೇಟು, ಸರಿ. ಕುಡಿಸಿದ್ದು ಯಾರು?” ಎಂದರು.

ಮೇಸ್ತ್ರಿಯ ಉಳಿದ ಕೆಲಸ ಕ್ರಮವಾಗಿ ನಡೆಯಿತು. ಎಣ್ಣೆ ಕುಡಿದ ಪ್ಲೇಟನ್ನು ತೊಳೆದರೆ ಪ್ರಯೋಜನವಿಲ್ಲ, ಕಾದಾಗ ಒಳಗಿನ ಎಣ್ಣೆ ಮತ್ತೆ ಹೊರಬರುತ್ತದೆ. ಖರ್ಚಿನಲ್ಲಿ ಹೆಚ್ಚಿನ ಪಾಲು ಇಳಿಸಿ ಏರಿಸುವ ಕೂಲಿಯೇ ಆದುದರಿಂದ, ಪ್ಲೇಟು, ಪ್ರೆಷರ್ ಪ್ಲೇಟು, ರಿಲೀಸ್ ಬೇರಿಂಗು ಮೂರನ್ನೂ ಒಟ್ಟಿಗೆ ಬದಲಾಯಿಸುವುದೇ ವಿವೇಕ. ಸೀಲನ್ನು ಬಿಟ್ಟು ಉಳಿದುದನ್ನೆಲ್ಲ ಹೊಸದು ಮಾಡಿದರೆ ಅದೂ ಸ್ವಲ್ಪ ಕಾಲದಲ್ಲಿಯೇ ಎಣ್ಣೆ ಕುಡಿಯುವುದು. ಫ್ಲೈವೀಲು ಲೇತಿಗೆ ಹೋಗಿ ನುಣುಪಾಗಿ ಬಂದಿತು. ಡಬ್ಬಿಯ ಮೇಲಿನ ಮುದ್ರೆಯನ್ನು ತಿರುಗಿಸಿ ಮುರುಗಿಸಿ ನೋಡಿ, ಡೂಪ್ಲಿಕೇಟ್ ಅಲ್ಲವೆಂದು ಭಾವನವರು ದೃಢಪಡಿಸಿಕೊಂಡರು. ಹಳೆಯ ಗೇರ್ ಬಾಕ್ಸೊಂದರ ದಂಡವನ್ನು ತೂರಿಸಿ ಹೊಸ ಪ್ಲೇಟನ್ನು ನಡುಮಧ್ಯಕ್ಕೆ ಕೂಡಿಸಿದ ಮೇಸ್ತ್ರಿ, ಹೊದಿಕೆ ಹೊಂದಿಕೊಳ್ಳುವವರೆಗೆ, ಮೊದಲ ಕೆಲವು ನೂರು ಕಿಲೋಮೀಟರು ಹೇರು ಬೇಡ, ಅವಸರ ಬೇಡವೆಂದು ಹೇಳಿ, ಊದಿ ಎಬ್ಬಿಸಬಾರದ ಧೂಳನ್ನು ಒದ್ದೆ ಬಟ್ಟೆಯಿಂದ ಒರಸಿ ಆ ಬಟ್ಟೆಯನ್ನು ಹುಡುಗನ ಕೈಗೆ ಕೊಟ್ಟನು. ಇದನ್ನು ಕಂಡು ನನಗೆ ಆತನಲ್ಲಿ ಗೌರವ ಇಮ್ಮಡಿಸಿತು.

ಹೊಸ ಕ್ಲಚ್ಚು ಹಳೆಯದಕ್ಕಿಂತ ಬಹಳ ಕೆಳಗೇ ಹಿಡಿದುಕೊಳ್ಳುತ್ತದೆ. ನಾಲ್ವರೂ ಸರದಿಯ ಮೇಲೆ ಗೇಟಿನ ಬಳಿ ಎಂಜಿನ್ನನ್ನು ನಿಲ್ಲಿಸಿದೆವು. ಪೆಡಲೇ ಇಲ್ಲದ ಗಾಡಿ ತಂದರಾಗದೆ ಎಂದು ಅಕ್ಕ ಕೇಳಿದಳು. 2014ರಲ್ಲಿ ಮಾರುತಿ ಸುಜುಕಿಯವರ ಸೆಲೆರಿಯೊ ಬಂದಂದಿನಿಂದ ಅಗ್ಗದ ಕಾರುಗಳಲ್ಲಿಯೂ ತಾನೇ ಗೇರು ಬದಲಾಯಿಸುವ ಬಗೆ ನಮ್ಮಲ್ಲಿ ಹಬ್ಬಿದೆ; ಆದರೆ ಆ ಜಾತಿಯವುಗಳ ಒಳಗೂ ಇದೇ ತಟ್ಟೆ, ಇದೇ ಫ್ಲೈವೀಲು ಇವೆ; ಮನುಷ್ಯನ ಕಾಲಿನ ಬದಲು ಒಂದು ಯಂತ್ರ ಒತ್ತಿ ಬಿಡುತ್ತದೆ, ಅಷ್ಟೇ. ಅದು ಕೆಟ್ಟರೆ ಯಾರನ್ನು ಕೇಳುವುದೆಂದು ಭಾವನವರು ಆ ಪ್ರಸ್ತಾಪವನ್ನು ಅಲ್ಲಿಗೇ ತಳ್ಳಿಹಾಕಿದರು.

ಬದಲಾಯಿಸಿದ ಭಾಗಗಳನ್ನು ಕೇಳಿ ಪಡೆಯುವುದು ವಾಡಿಕೆ. ಹಳೆಯ ಪ್ಲೇಟು ಈಗ ಭಾವನವರ ಪಡಸಾಲೆಯಲ್ಲಿ, ಹತ್ತಿಯ ಮಾದರಿಗಳನ್ನಿಡುವ ಗೂಡಿನಲ್ಲಿದೆ. ಬಂಧುಗಳು ಬಂದರೆ ಅಕ್ಕನು ಅದನ್ನು ತೆಗೆದು ರಿವೆಟ್ಟುಗಳ ಆಳವನ್ನು ತೋರಿಸುತ್ತಾಳೆ. ಭಾವನವರು ಅದನ್ನೇ ಮಗುಚಿ ಕಪ್ಪಾದ ಮೋರೆಯನ್ನು ತೋರಿಸುತ್ತಾರೆ. ಮೊನ್ನೆ ಗುಜರಿಯವನು ಬಂದು, ಹಳೆಯ ಕಬ್ಬಿಣದೊಡನೆ ತೂಕಕ್ಕೆ ಹಾಕಿರೆಂದು ಕೈನೀಡಿದಾಗ ಅವರು ಕೊಡಲಿಲ್ಲ. “ಕೇಸು ಇನ್ನೂ ಮುಗಿದಿಲ್ಲಪ್ಪ,” ಎಂದು ಹೇಳಿ ಅದನ್ನು ಮತ್ತೆ ಗೂಡಿನಲ್ಲಿಟ್ಟರು.